ಗದ್ದಲದೊಳಗಣ ಪಿಸುದನಿ: ದೀರ್ಘ ತರಂಗದ ಹವ್ಯಾಸಿಗೆ ಉಪಗ್ರಹದ ಗಡಿಯಾರ

೧೯೦೧ನೆಯ ಇಸವಿ ಡಿಸೆಂಬರ್ ತಿಂಗಳ ೧೨ನೆಯ ದಿನ. ಇಂದು ಕೆನಡ ದೇಶಕ್ಕೆ ಸೇರಿರುವ ನ್ಯೂಫೌಂಡ್‌ಲೆಂಡ್ ದ್ವೀಪದ ಸಿಗ್ನಲ್ ಹಿಲ್ ಎಂಬ ಗುಡ್ಡದ ಮೇಲೆ ಇಟಲಿಯ ತರುಣ ಮಾರ್ಕೋನಿಯು ಟೆಲಿಫೋನಿನ ಶ್ರವಣಿಯನ್ನು ಕಿವಿಗೊತ್ತಿಕೊಂಡು ಕುಳಿತಿದ್ದನು. ಗಾಳಿಪಟವೊಂದು ಎತ್ತಿ ಹಿಡಿದಿದ್ದ ತಂತಿಯೇ ಅವನ ಆಂಟೆನಾ. ಅಟ್ಲಾಂಟಿಕ್ ಸಾಗರದ ಆಚೆಗೆ, ಸುಮಾರು ೩೪೦೦ ಕಿಲೊಮೀಟರ್ ದೂರದ ಇಂಗ್ಲೆಂಡಿನ ಪೋಲ್ಡು ಎಂಬಲ್ಲಿಂದ, ಗೊತ್ತುಮಾಡಿದ ವೇಳೆಯಲ್ಲಿ ಒಂದೇ ಒಂದು ಅಕ್ಷರವನ್ನು ಮತ್ತೆ ಮತ್ತೆ ಕಳುಹಿಸುವ ಏರ್ಪಾಡಾಗಿತ್ತು. ಅದು ಮಾರ್ಸ್ ಲಿಪಿಯ ‘ಎಸ್’, ಅಂದರೆ ಮೂರು ಚುಕ್ಕೆ. ಮಧ್ಯಾಹ್ನದ ಹೊತ್ತಿಗೆ ಆ ಮೂರು ಟಿಕ್ ಸದ್ದುಗಳು ತನಗೆ ಕೇಳಿಸಿದುವೆಂದು ಮಾರ್ಕೋನಿಯು ಸಾರಿದನು. ಆತನು ಬಳಸಿದ ಪಾದರಸದ ಶೋಧಕವು ನಮ್ಮ ಜಗದೀಶಚಂದ್ರ ಬೋಸರು ೧೮೯೯ರಲ್ಲಿ ವರ್ಣಿಸಿದ್ದ ಬಗೆಯದಾಗಿತ್ತೆಂಬುದನ್ನು ಇಲ್ಲಿ ನೆನೆಯಬೇಕು.

ಆದರೆ ಮಾರ್ಕೋನಿಯು ನಿಜವಾಗಿಯೂ ಕೇಳಿದನೆ? ಆ ಸದ್ದನ್ನು ದಾಖಲಿಸಿಡುವ ಉಪಕರಣ ಅಲ್ಲಿರಲಿಲ್ಲ. ಆತನು ಬಳಸಿದ ಬಗೆಯ ತರಂಗಗಳು ಹಗಲಿನಲ್ಲಿ ಅಷ್ಟು ದೂರ ಸಾಗುವುದು ಬಲು ಕಷ್ಟವೆಂಬುದು ಮುಂದೆ ತಿಳಿದುಬಂದಿತು. ಅದಕ್ಕಿಂತ ಮುಖ್ಯವಾಗಿ, ಏನು ಕೇಳಿಸಬೇಕೆಂಬುದು ಆತನಿಗೆ ಮೊದಲೇ ಗೊತ್ತಿತ್ತು. ಮಳೆಯ ಸದ್ದಿನಲ್ಲಿ ಯಾರೋ ತಮ್ಮ ಹೆಸರು ಹಿಡಿದು ಕೂಗಿದಂತೆ ಭ್ರಮಿಸದವರು ಯಾರು? ಗದ್ದಲದಲ್ಲಿ ನಿರೀಕ್ಷಿಸಿದ ಸದ್ದನ್ನು ಕೇಳಿದೆನೆಂದು ನಂಬುವುದು ಮನುಷ್ಯನ ಸ್ವಭಾವ. ಆದ್ದರಿಂದ ಅಂದಿನ ಮೂರು ಚುಕ್ಕೆಗಳ ವಿಷಯದಲ್ಲಿ ವಿದ್ವಾಂಸರ ಚರ್ಚೆ ಇಂದಿಗೂ ಮುಗಿದಿಲ್ಲ.

ಇದನ್ನು ಇಲ್ಲಿ ಪ್ರಸ್ತಾಪಿಸಲು ಕಾರಣವುಂಟು. ಇಂದು ಹವ್ಯಾಸಿ ರೇಡಿಯೊದವರಲ್ಲಿ ಒಂದು ಸಣ್ಣ ಗುಂಪು, ಮಾರ್ಕೋನಿಯ ತರಂಗಗಳಿಗಿಂತಲೂ ಉದ್ದವಾದ ತರಂಗಗಳನ್ನು, ಟಾರ್ಚಿನ ಬಲ್ಬಿಗೂ ಸಾಲದ ಶಕ್ತಿಯಿಂದ ಸಮುದ್ರಗಳಾಚೆಗೆ ಕಳುಹಿಸುತ್ತಿದೆ. ಕಿವಿಗೆ ಎಂದೆಂದಿಗೂ ಕೇಳಿಸದಷ್ಟು ದುರ್ಬಲವಾದ ಆ ಸಂಕೇತವನ್ನು ಅವರು ಗದ್ದಲದೊಳಗಿಂದ ಹೆಕ್ಕಿ ತೆಗೆಯುತ್ತಾರೆ. ‘ಇದು ಭ್ರಮೆಯಲ್ಲ’ ಎಂದು ಲೆಕ್ಕ ಹಾಕಿಯೂ ತೋರಿಸುತ್ತಾರೆ. ಇದಕ್ಕೆ ಅವರಿಗೆ ನೆರವಾಗುವುದು ದೊಡ್ಡ ಯಂತ್ರವಲ್ಲ. ಆಕಾಶದಲ್ಲಿ ಸುತ್ತುವ ಉಪಗ್ರಹಗಳ ಗಡಿಯಾರ. ಕಾಲವನ್ನು ಬಲ್ಲವನಿಗೆ ಬಲ ಕಡಿಮೆಯಿದ್ದರೂ ನಡೆಯುತ್ತದೆಂಬ ಈ ಸಂಗತಿಯನ್ನು ಸ್ವಲ್ಪ ವಿವರವಾಗಿ ನೋಡೋಣ.

ಉದ್ದ ತರಂಗ, ಗಿಡ್ಡ ಕಂಬ

ರೇಡಿಯೊ ತರಂಗವು ಸೆಕೆಂಡಿಗೆ ಮೂರು ಲಕ್ಷ ಕಿಲೊಮೀಟರ್ ವೇಗದಿಂದ ಚಲಿಸುತ್ತದೆ. ಒಂದು ಸೆಕೆಂಡಿನಲ್ಲಿ ಅದು ಎಷ್ಟು ಸಲ ಏರಿಳಿಯುತ್ತದೆಂಬುದೇ ಅದರ ಆವೃತ್ತಿ. ೨೦೦೭ರಲ್ಲಿ ಜಿನೀವಾದಲ್ಲಿ ನಡೆದ ವಿಶ್ವ ರೇಡಿಯೊ ಸಮ್ಮೇಳನವು ೧೩೫.೭ರಿಂದ ೧೩೭.೮ ಕಿಲೊಹರ್ಟ್ಸ್‌ವರೆಗಿನ ಕಿರಿದಾದ ಪಟ್ಟಿಯನ್ನು ಹವ್ಯಾಸಿಗಳ ಬಳಕೆಗೆ ಬಿಟ್ಟುಕೊಟ್ಟಿತು. ಯುರೋಪಿನ ಕೆಲವು ದೇಶಗಳಲ್ಲಿ ಅದಕ್ಕೆ ಮುಂಚೆಯೇ ಈ ಪಟ್ಟಿ ಬಳಕೆಯಲ್ಲಿತ್ತು. ಇದರ ಅಗಲ ಕೇವಲ ೨.೧ ಕಿಲೊಹರ್ಟ್ಸ್, ನಮ್ಮ ಮಧ್ಯಮ ತರಂಗದ ಒಂದು ಆಕಾಶವಾಣಿ ನಿಲಯವು ಆಕ್ರಮಿಸುವ ಜಾಗದ ಕಾಲುಭಾಗಕ್ಕೂ ಕಡಿಮೆ. ಹವ್ಯಾಸಿಯು ಹೊರಸೂಸಬಹುದಾದ ಪರಿಣಾಮಕಾರಿ ಸಾಮರ್ಥ್ಯವೂ ಹೆಚ್ಚೆಂದರೆ ೧ ವಾಟ್.

ಒಂದು ವಾಟನ್ನಾದರೂ ಹೊರಸೂಸುವುದು ಸುಲಭವೆ? ೧೩೭ ಕಿಲೊಹರ್ಟ್ಸ್ ತರಂಗದ ಉದ್ದ ಸುಮಾರು ೨೧೯೦ ಮೀಟರ್. ಚೆನ್ನಾಗಿ ಹೊರಸೂಸುವ ಆಂಟೆನಾ ತರಂಗದ ಉದ್ದದ ಕಾಲುಭಾಗದಷ್ಟಿರಬೇಕು. ಎಂದರೆ ಸುಮಾರು ೫೫೦ ಮೀಟರ್ ಎತ್ತರದ ಕಂಬ. ಹವ್ಯಾಸಿಯ ಹಿತ್ತಿಲಲ್ಲಿರುವುದು ಹದಿನೈದು ಮೀಟರಿನ ಕಂಬ, ಅದರ ತುದಿಯಿಂದ ಅಡ್ಡಕ್ಕೆ ಕಟ್ಟಿದ ತಂತಿ. ಇಂಥ ಗಿಡ್ಡ ಆಂಟೆನಾದ ವಿಕಿರಣ ರೋಧ ಸುಮಾರು ೦.೦೭ ಓಮ್. ನೆಲ, ಸುರುಳಿ, ಸುತ್ತಲಿನ ಮರಗಳು ಒಡ್ಡುವ ನಿರುಪಯುಕ್ತ ರೋಧ ೭೦ ಓಮ್ ಎಂದಿಟ್ಟುಕೊಂಡರೆ, ಕೊಟ್ಟ ಶಕ್ತಿಯಲ್ಲಿ ಸಾವಿರದ ಒಂದು ಪಾಲು ಮಾತ್ರ ತರಂಗವಾಗಿ ಹೊರಡುತ್ತದೆ. ನೂರು ವಾಟ್ ತುಂಬಿದರೆ ಹೊರಡುವುದು ವಾಟಿನ ಹತ್ತನೆಯ ಒಂದು ಭಾಗ. ಉಳಿದುದೆಲ್ಲವೂ ನೆಲವನ್ನು ಬಿಸಿಮಾಡುವುದರಲ್ಲಿ ವ್ಯಯ.

ಹಾಗಾದರೆ ಈ ಕಷ್ಟದ ಪಟ್ಟಿ ಏಕೆ ಬೇಕೆಂದು ವಾಚಕರು ಕೇಳಬಹುದು. ದೀರ್ಘ ತರಂಗಗಳಿಗೆ ಒಂದು ದೊಡ್ಡ ಗುಣವಿದೆ. ಅವು ನೆಲವನ್ನು ತಬ್ಬಿಕೊಂಡು ಬಹುದೂರ ಸಾಗುತ್ತವೆ. ಮೇಲೆ ಅಯಾನುಗೋಳದ ತಳಭಾಗ, ಕೆಳಗೆ ಭೂಮಿ, ಇವೆರಡರ ನಡುವೆ ಓಣಿಯಲ್ಲಿ ಸಾಗಿದಂತೆ ಸಾಗುತ್ತವೆ. ಸ್ವೀಡನ್ನಿನ ಗ್ರಿಮೆಟನ್ ಎಂಬಲ್ಲಿ ೧೯೨೦ರ ದಶಕದಲ್ಲಿ ಸ್ಥಾಪಿತವಾದ ೧೭.೨ ಕಿಲೊಹರ್ಟ್ಸ್ ಪ್ರೇಷಕವು ಅಮೆರಿಕಕ್ಕೆ ತಂತಿಸುದ್ದಿಗಳನ್ನು ಮುಟ್ಟಿಸುತ್ತಿತ್ತು. ಆದರೆ ಅದಕ್ಕೆ ೧೨೭ ಮೀಟರ್ ಎತ್ತರದ ಆರು ಗೋಪುರಗಳೂ ಇನ್ನೂರು ಕಿಲೊವಾಟಿನ ಯಂತ್ರವೂ ಬೇಕಾಗಿದ್ದುವು. ಹವ್ಯಾಸಿಯ ಪಾಲಿಗಿರುವುದು ಆ ಶಕ್ತಿಯ ಅತ್ಯಲ್ಪ ಅಂಶ. ಜೊತೆಗೆ ಈ ಆವೃತ್ತಿಗಳಲ್ಲಿ ಗದ್ದಲವೂ ವಿಪರೀತ. ಉಷ್ಣವಲಯದಲ್ಲಿ ಹೊಡೆಯುವ ಸಿಡಿಲುಗಳೆಲ್ಲ ಸಾವಿರಾರು ಕಿಲೊಮೀಟರ್ ದೂರಕ್ಕೆ ಚಟಪಟನೆ ಕೇಳಿಸುತ್ತವೆ. ಊರಿನ ವಿದ್ಯುತ್ ತಂತಿಗಳ ಗುಂಯ್ ಎಂಬ ನಾದವೂ ಅದಕ್ಕೆ ಕೂಡಿಕೊಳ್ಳುತ್ತದೆ. ಸಂತೆಯಲ್ಲಿ ನಿಂತು ಪಿಸುಗುಟ್ಟುವವನ ಸ್ಥಿತಿಯೇ ಹವ್ಯಾಸಿಯದೂ ಆಗಿದೆ.

ಕೂಡುವುದರ ಗಣಿತ

ಸಂತೆಯಲ್ಲಿ ಪಿಸುಗುಟ್ಟಿದರೆ ಕೇಳಿಸುವ ಬಗೆ ಹೇಗೆ? ಒಂದೇ ಮಾತನ್ನು ಮತ್ತೆ ಮತ್ತೆ ಹೇಳುವುದು ಒಂದು ಉಪಾಯ. ಕೇಳುವವನು ಪ್ರತಿ ಸಲದ ಧ್ವನಿಯನ್ನೂ ಹಿಂದಿನದಕ್ಕೆ ಕೂಡುತ್ತ ಹೋಗಬೇಕು. ಸಂಕೇತವು ಪ್ರತಿ ಸಲವೂ ಒಂದೇ ದಿಕ್ಕಿನಲ್ಲಿ ತಳ್ಳುತ್ತದೆ. ಆದ್ದರಿಂದ ನೂರು ಸಲ ಕೂಡಿದರೆ ಅದು ನೂರು ಪಟ್ಟು ಬೆಳೆಯುತ್ತದೆ. ಗದ್ದಲಕ್ಕೆ ಗೊತ್ತುಗುರಿಯಿಲ್ಲ, ಒಮ್ಮೆ ಮುಂದಕ್ಕೆ, ಒಮ್ಮೆ ಹಿಂದಕ್ಕೆ ತಳ್ಳುತ್ತದೆ. ನಾಣ್ಯ ಚಿಮ್ಮಿ, ತಲೆ ಬಿದ್ದರೆ ಮುಂದಕ್ಕೂ ಬಾಲ ಬಿದ್ದರೆ ಹಿಂದಕ್ಕೂ ಹೆಜ್ಜೆಯಿಡುವ ಮನುಷ್ಯನು ನೂರು ಹೆಜ್ಜೆಗಳ ಅನಂತರ ಹೊರಟ ಸ್ಥಳದಿಂದ ಸರಾಸರಿಯಲ್ಲಿ ಹತ್ತು ಹೆಜ್ಜೆ ಮಾತ್ರ ಸರಿದಿರುತ್ತಾನೆ. ಗದ್ದಲವು ಸಂಖ್ಯೆಯ ವರ್ಗಮೂಲದಂತೆ ಬೆಳೆಯುತ್ತದೆ.

ಒಂದು ಲೆಕ್ಕ ಮಾಡಿ ನೋಡೋಣ. ಸಂಕೇತದ ಬಲ ೧, ಗದ್ದಲದ ಬಲ ೧೦೦ ಆಗಿರಲಿ. ಹತ್ತು ಸಾವಿರ ಸಲ ಕೂಡಿದರೆ ಸಂಕೇತ ೧೦,೦೦೦ ಆಗುತ್ತದೆ. ಗದ್ದಲ ೧೦೦ರ ನೂರು ಪಟ್ಟು, ಅದೂ ೧೦,೦೦೦. ಈಗ ಎರಡೂ ಸಮ. ಹತ್ತು ಲಕ್ಷ ಸಲ ಕೂಡಿದರೆ ಸಂಕೇತ ೧೦ ಲಕ್ಷ, ಗದ್ದಲ ೧ ಲಕ್ಷ. ನೂರರಲ್ಲಿ ಒಂದು ಪಾಲಾಗಿದ್ದ ಪಿಸುದನಿ ಗದ್ದಲದ ಹತ್ತು ಪಟ್ಟಾಗಿ ಎದ್ದು ನಿಂತಿತು! ಶಕ್ತಿಯನ್ನು ಹೆಚ್ಚಿಸಲಿಲ್ಲ, ತಾಳ್ಮೆಯನ್ನು ಹೆಚ್ಚಿಸಿದೆವು, ಅಷ್ಟೆ. ಹತ್ತನೆಯ ಒಂದು ವಾಟನ್ನು ಒಂದು ಗಂಟೆ ಕಾಲ ಕಳುಹಿಸಿದರೆ ಒಟ್ಟು ಶಕ್ತಿ ೩೬೦ ಜೂಲ್. ೩೬೦ ವಾಟನ್ನು ಒಂದು ಸೆಕೆಂಡ್ ಕಳುಹಿಸಿದರೂ ಅಷ್ಟೇ.

ಹವ್ಯಾಸಿಗಳು ಮೊದಲು ಕೈಗೊಂಡ ಕ್ರಮ ಇದರ ಸರಳ ರೂಪವಾಗಿತ್ತು. ಮಾರ್ಸ್ ಲಿಪಿಯ ಒಂದೊಂದು ಚುಕ್ಕೆಯನ್ನೂ ಮೂರು ಸೆಕೆಂಡ್, ಕೆಲವೊಮ್ಮೆ ಅರವತ್ತು ಸೆಕೆಂಡ್ ಎಳೆದು ಕಳುಹಿಸಿ, ಆಚೆಯ ತುದಿಯಲ್ಲಿ ಗಣಕದ ಪರದೆಯ ಮೇಲೆ ಗೆರೆಗಳಾಗಿ ಮೂಡಿಸಿ ಕಣ್ಣಿನಿಂದ ಓದುತ್ತಿದ್ದರು. ಚುಕ್ಕೆಗೆ ಅರವತ್ತು ಸೆಕೆಂಡಿನಂತೆ ಮಾರ್ಕೋನಿಯ ‘ಎಸ್’ ಅಕ್ಷರವೊಂದಕ್ಕೇ ಐದು ನಿಮಿಷ ಬೇಕು. ೨೦೦೧ರಲ್ಲಿ ಬ್ರಿಟನ್ನಿನ ಮತ್ತು ಕೆನಡದ ಹವ್ಯಾಸಿಗಳು ಈ ಆಮೆನಡಿಗೆಯ ಲಿಪಿಯಿಂದಲೇ ೧೩೬ ಕಿಲೊಹರ್ಟ್ಸ್ ಪಟ್ಟಿಯಲ್ಲಿ ಅಟ್ಲಾಂಟಿಕ್ ಸಾಗರವನ್ನು ದಾಟಿ ಪರಸ್ಪರ ಸಂಭಾಷಿಸಿದರು.

ಹೆಜ್ಜೆ ತಪ್ಪಿದರೆ

ಆದರೆ ಮೇಲಿನ ಗಣಿತದಲ್ಲಿ ಒಂದು ಕರಾರು ಅಡಗಿದೆ. ಸಂಕೇತವು ಪ್ರತಿ ಸಲವೂ ಒಂದೇ ದಿಕ್ಕಿನಲ್ಲಿ ತಳ್ಳಬೇಕು. ಜಾತ್ರೆಯಲ್ಲಿ ತೇರೆಳೆಯುವುದನ್ನು ಎಲ್ಲರೂ ನೋಡಿದ್ದೇವೆ. ಒಬ್ಬನು ಕೂಗು ಹಾಕುತ್ತಾನೆ, ಆ ಕೂಗಿಗೆ ಸರಿಯಾಗಿ ಸಾವಿರ ಕೈಗಳು ಹಗ್ಗವನ್ನು ಒಮ್ಮೆಗೇ ಜಗ್ಗುತ್ತವೆ, ತೇರು ಕದಲುತ್ತದೆ. ಅವರವರ ಮನಸ್ಸಿಗೆ ಬಂದಾಗ ಜಗ್ಗಿದರೆ ಹಗ್ಗ ನಡುಗೀತೇ ಹೊರತು ತೇರು ಕದಲದು. ತರಂಗಗಳಲ್ಲಿ ಏರು ಇಳಿತಗಳ ಈ ಹೊಂದಾಣಿಕೆಯನ್ನು ಪ್ರಾವಸ್ಥೆಯ ಹೊಂದಾಣಿಕೆ ಎನ್ನುತ್ತೇವೆ. ಹಾಗೆ ಹೊಂದಿಕೊಂಡ ತರಂಗಗಳು ಸಂಸಕ್ತ ತರಂಗಗಳು.

ಪ್ರೇಷಕದಲ್ಲಿ ತರಂಗವನ್ನು ಹುಟ್ಟಿಸುವುದು ಒಂದು ಕ್ವಾರ್ಟ್ಸ್ ಸ್ಫಟಿಕ. ಗ್ರಾಹಕದಲ್ಲಿ ಆ ತರಂಗವನ್ನು ಅಳೆಯುವ ಮಾನದಂಡವೂ ಇನ್ನೊಂದು ಸ್ಫಟಿಕವೇ. ಒಳ್ಳೆಯ ಸ್ಫಟಿಕದ ಆವೃತ್ತಿ ಹತ್ತು ಲಕ್ಷದಲ್ಲಿ ಒಂದು ಪಾಲು ತಪ್ಪಬಹುದು. ಕೈಗಡಿಯಾರಕ್ಕೆ ಇದು ಉತ್ಕೃಷ್ಟವೇ ಸರಿ. ವರ್ಷಕ್ಕೆ ಅರ್ಧ ನಿಮಿಷದ ತಪ್ಪು. ಆದರೆ ೧೩೭ ಕಿಲೊಹರ್ಟ್ಸ್ ತರಂಗದಲ್ಲಿ ಇದು ೦.೧೩೭ ಹರ್ಟ್ಸ್ ವ್ಯತ್ಯಾಸವಾಗಿ, ಏಳೂಕಾಲು ಸೆಕೆಂಡಿಗೊಮ್ಮೆ ಇಡೀ ಒಂದು ಆವರ್ತ ಜಾರಿಹೋಗುತ್ತದೆ. ಅರ್ಧ ಆವರ್ತ ಜಾರಿದೊಡನೆ ಏರಿದ್ದ ಕಡೆ ಇಳಿತ ಬಂದು ನಿಲ್ಲುತ್ತದೆ, ಕೂಡಬೇಕಾದುದು ಕಳೆಯತೊಡಗುತ್ತದೆ. ಮೊದಲು ಗಳಿಸಿದ್ದನ್ನೆಲ್ಲ ಅನಂತರದ ಸೆಕೆಂಡುಗಳೇ ಅಳಿಸಿಹಾಕುತ್ತವೆ.

ಒಂದು ಗಂಟೆಯ ಉದ್ದಕ್ಕೂ ಕೂಡಬೇಕಾದರೆ ಎಷ್ಟು ನಿಖರತೆ ಬೇಕು? ಗಂಟೆಗೆ ಈ ತರಂಗ ೪೯ ಕೋಟಿ ೩೨ ಲಕ್ಷ ಸಲ ಏರಿಳಿಯುತ್ತದೆ. ಅಷ್ಟರಲ್ಲಿ ಆವರ್ತದ ಹತ್ತನೆಯ ಒಂದು ಭಾಗಕ್ಕಿಂತ ಹೆಚ್ಚು ಜಾರಬಾರದು. ಎಂದರೆ ಸುಮಾರು ೫೦೦ ಕೋಟಿಯಲ್ಲಿ ಒಂದು ಪಾಲಿನ ನಿಖರತೆ. ನೂರೈವತ್ತು ವರ್ಷಗಳಿಗೆ ಒಂದು ಸೆಕೆಂಡ್ ತಪ್ಪುವ ಗಡಿಯಾರ. ಅದೂ ಒಂದಲ್ಲ, ಸಾಗರದ ಎರಡು ದಡಗಳಲ್ಲಿಯೂ ಒಂದೊಂದು ಬೇಕು. ಎರಡೂ ಒಂದೇ ತಾಳಕ್ಕೆ ನಡೆಯಬೇಕು. ಹಿಂದೆ ಇಂಥ ಗಡಿಯಾರ ರಾಷ್ಟ್ರೀಯ ಪ್ರಯೋಗಶಾಲೆಗಳ ಸ್ವತ್ತಾಗಿತ್ತು. ಇಂದು ಅದರ ಪ್ರಯೋಜನ ಹವ್ಯಾಸಿಯ ಕೈಗೆಟುಕಿದೆ.

ಆಕಾಶದ ಕೂಗು

ಜಿ.ಪಿ.ಎಸ್. ಎಂಬ ಹೆಸರನ್ನು ಕೇಳದ ವಿದ್ಯಾರ್ಥಿಗಳಿಲ್ಲ. ದಾರಿ ತೋರಿಸುವ ಸಾಧನವೆಂದೇ ಅದು ಪ್ರಸಿದ್ಧ. ಆದರೆ ತತ್ತ್ವದಲ್ಲಿ ಅದು ಕಾಲವನ್ನು ಸಾರುವ ವ್ಯವಸ್ಥೆ. ದಾರಿ ತಿಳಿಯುವುದು ಕಾಲ ತಿಳಿದುದರ ಫಲ. ಅಮೆರಿಕವು ೧೯೭೮ರಿಂದ ಹಾರಿಸತೊಡಗಿ ೧೯೯೫ರಲ್ಲಿ ಪೂರ್ಣಗೊಳಿಸಿದ ಈ ವ್ಯವಸ್ಥೆಯ ಉಪಗ್ರಹಗಳು ೨೦,೨೦೦ ಕಿಲೊಮೀಟರ್ ಎತ್ತರದಲ್ಲಿ ಸುತ್ತುತ್ತಿವೆ. ಪ್ರತಿಯೊಂದರಲ್ಲಿಯೂ ಪರಮಾಣು ಗಡಿಯಾರಗಳಿವೆ. ‘ಈಗ ನನ್ನಲ್ಲಿ ಇಷ್ಟು ಗಂಟೆ, ನಾನಿರುವುದು ಇಂಥಲ್ಲಿ’ ಎಂದು ಅವು ಎಡೆಬಿಡದೆ ಸಾರುತ್ತವೆ. ಬೆಳಕು ಒಂದು ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಪಾಲಿನಲ್ಲಿ ೩೦ ಸೆಂಟಿಮೀಟರ್ ಸಾಗುವುದರಿಂದ, ಸುದ್ದಿ ತಡವಾಗಿ ಬಂದುದೆಷ್ಟೆಂದು ಅಳೆದರೆ ದೂರ ತಿಳಿಯುತ್ತದೆ. ನಮ್ಮ ಸ್ಥಾನದ ಮೂರು ನಿರ್ದೇಶಾಂಕಗಳು, ನಮ್ಮ ಗಡಿಯಾರದ ತಪ್ಪು, ಹೀಗೆ ನಾಲ್ಕು ಅಜ್ಞಾತಗಳು; ನಾಲ್ಕು ಉಪಗ್ರಹಗಳಿಂದ ನಾಲ್ಕು ಸಮೀಕರಣಗಳು. ಅವುಗಳನ್ನು ಬಿಡಿಸಿದರೆ ಸ್ಥಾನದೊಡನೆ ಕಾಲವೂ ದೊರೆಯುತ್ತದೆ.

ಆ ಉಪಗ್ರಹದ ಸಂಕೇತವೂ ಒಂದು ಪಿಸುದನಿಯೇ ಎಂಬುದು ಸ್ವಾರಸ್ಯದ ಸಂಗತಿ. ನೆಲದ ಮೇಲೆ ಗ್ರಾಹಕಕ್ಕೆ ಸಿಗುವ ಶಕ್ತಿ, ಒಂದು ವಾಟನ್ನು ನೂರು ಕೋಟಿ ಕೋಟಿ ಪಾಲು ಮಾಡಿದರೆ ಅದರಲ್ಲೊಂದು ಪಾಲಿನಷ್ಟು. ಗ್ರಾಹಕದ ಸ್ವಂತ ಗದ್ದಲವೇ ಅದಕ್ಕಿಂತ ಹೆಚ್ಚು. ಹಾಗಾದರೂ ಅದು ದೊರೆಯುವುದು ಹೇಗೆ? ಉಪಗ್ರಹವು ೧೦೨೩ ಗುರುತುಗಳ ಒಂದು ಸರಮಾಲೆಯನ್ನು ಸೆಕೆಂಡಿಗೆ ಸಾವಿರ ಸಲ ಹೇಳುತ್ತದೆ. ಗ್ರಾಹಕವು ಅದೇ ಸರಮಾಲೆಯನ್ನು ತನ್ನಲ್ಲಿಟ್ಟುಕೊಂಡು, ತಾಳ ಹೊಂದುವವರೆಗೆ ಹಿಂದೆ ಮುಂದೆ ಸರಿಸಿ, ಹೊಂದಿದಾಗ ಕೂಡುತ್ತದೆ. ಹವ್ಯಾಸಿಯು ದೀರ್ಘ ತರಂಗದಲ್ಲಿ ಮಾಡಲೆಳಸುವುದೂ ಇದನ್ನೇ.

ಉಪಗ್ರಹದ ಗಡಿಯಾರಗಳಿಗೆ ಸಾಪೇಕ್ಷತಾ ಸಿದ್ಧಾಂತದ ತಿದ್ದುಪಡಿಯೂ ಬೇಕು. ಎತ್ತರದಲ್ಲಿ ಗುರುತ್ವ ಕಡಿಮೆಯಾದುದರಿಂದ ಅವು ದಿನಕ್ಕೆ ೪೫ ಮೈಕ್ರೊಸೆಕೆಂಡ್ ಮುಂದೆ ಓಡುತ್ತವೆ. ವೇಗದಿಂದಾಗಿ ೭ ಮೈಕ್ರೊಸೆಕೆಂಡ್ ಹಿಂದೆ ಬೀಳುತ್ತವೆ. ಉಳಿಯುವುದು ದಿನಕ್ಕೆ ೩೮ ಮೈಕ್ರೊಸೆಕೆಂಡ್. ಇದನ್ನು ಸರಿದೂಗಿಸಲು ಗಡಿಯಾರಗಳನ್ನು ನೆಲದ ಮೇಲಿರುವಾಗಲೇ ಅಷ್ಟು ನಿಧಾನಗೊಳಿಸಿ ಹಾರಿಸುತ್ತಾರೆ. ತಿದ್ದುಪಡಿಯಿಲ್ಲದ ಉಪಗ್ರಹದ ಗಡಿಯಾರವನ್ನು ಒಂದು ದಡದಲ್ಲಿಯೂ ನೆಲದ ಪರಮಾಣು ಗಡಿಯಾರವನ್ನು ಇನ್ನೊಂದು ದಡದಲ್ಲಿಯೂ ಬಳಸಿದರೆ, ನಮ್ಮ ೧೩೭ ಕಿಲೊಹರ್ಟ್ಸ್ ತರಂಗ ಗಂಟೆಗೆ ಆವರ್ತದ ಐದನೆಯ ಒಂದು ಭಾಗ ಜಾರುತ್ತದೆ. ಐನ್‌ಸ್ಟೈನನ ಸಿದ್ಧಾಂತ ಹಿತ್ತಿಲ ಪ್ರೇಷಕಕ್ಕೂ ಬಂದು ಮುಟ್ಟಿತು!

ಇಂಥ ವ್ಯವಸ್ಥೆ ಅಮೆರಿಕದ ಸೊತ್ತು ಮಾತ್ರವಲ್ಲ. ರಷ್ಯ, ಯುರೋಪು, ಚೀನಗಳಿಗೂ ತಮ್ಮ ತಮ್ಮ ವ್ಯವಸ್ಥೆಗಳಿವೆ. ಭಾರತದ ನಾವಿಕ್ ವ್ಯವಸ್ಥೆಯ ಮೊದಲ ಉಪಗ್ರಹ ೨೦೧೩ರ ಜುಲೈ ೧ರಂದು ಮೇಲೇರಿತು. ಅದರ ಸಂಚಾಲನ ಕೇಂದ್ರವೊಂದು ಬೆಂಗಳೂರಿಗೆ ಸಮೀಪದ ಬ್ಯಾಲಾಳು ಗ್ರಾಮದಲ್ಲಿದೆ. ೨೦೨೩ರ ಮೇ ೨೯ರಂದು ಹಾರಿದ ಎನ್.ವಿ.ಎಸ್.-೦೧ ಉಪಗ್ರಹದಲ್ಲಿ ನಮ್ಮ ದೇಶದಲ್ಲೇ ತಯಾರಾದ ರುಬಿಡಿಯಮ್ ಪರಮಾಣು ಗಡಿಯಾರವಿತ್ತು.

ಶಿಸ್ತಿಗೊಳಪಟ್ಟ ಸ್ಫಟಿಕ

ಉಪಗ್ರಹದ ಕಾಲ ಹವ್ಯಾಸಿಯ ಮೇಜಿಗೆ ಬರುವುದು ಒಂದು ಸ್ಪಂದದ ರೂಪದಲ್ಲಿ. ಬೆಂಕಿಪೊಟ್ಟಣದಷ್ಟಿರುವ ಗ್ರಾಹಕವೊಂದು ಪ್ರತಿ ಸೆಕೆಂಡಿನ ಆರಂಭದಲ್ಲಿಯೂ ಒಂದು ವಿದ್ಯುತ್ ಮಿಡಿತವನ್ನು ಕೊಡುತ್ತದೆ. ಈ ಮಿಡಿತಗಳು ಒಂದೊಂದೂ ಹತ್ತಾರು ನ್ಯಾನೊಸೆಕೆಂಡ್ ಆಚೀಚೆ ಹೊಯ್ದಾಡುತ್ತವೆ. ಆದರೆ ಆ ತಪ್ಪು ದಿನಗಳು ಕಳೆದರೂ ಗುಡ್ಡೆಯಾಗುವುದಿಲ್ಲ. ಸ್ಫಟಿಕದ ಗುಣ ಇದಕ್ಕೆ ತದ್ವಿರುದ್ಧ. ಕ್ಷಣದಿಂದ ಕ್ಷಣಕ್ಕೆ ಅದು ಬಲು ನಯವಾಗಿ ಮಿಡಿಯುತ್ತದೆ. ಗಂಟೆಗಳು ಕಳೆದಂತೆ ಶಾಖಕ್ಕೂ ವಯಸ್ಸಿಗೂ ಸಿಕ್ಕಿ ದಾರಿ ತಪ್ಪುತ್ತದೆ. ಇವೆರಡನ್ನೂ ಕೂಡಿಸಿದರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಹಿಂದಿನವರು ಆಕಾಶವಾಣಿಯ ವಾರ್ತೆಗೆ ಮುಂಚಿನ ಟುಂಯ್ ಸದ್ದನ್ನು ಕೇಳಿ ಮನೆಯ ಗಡಿಯಾರವನ್ನು ತಿದ್ದಿಕೊಳ್ಳುತ್ತಿದ್ದಂತೆಯೇ ಇದು.

ಕ್ರಮ ಹೀಗಿದೆ. ಸೆಕೆಂಡಿಗೆ ಒಂದು ಕೋಟಿ ಸಲ, ಎಂದರೆ ೧೦ ಮೆಗಾಹರ್ಟ್ಸ್ ಆವೃತ್ತಿಯಲ್ಲಿ ಮಿಡಿಯುವ ಸ್ಫಟಿಕವನ್ನು ಸದಾ ಒಂದೇ ಬಿಸಿಯಲ್ಲಿರುವ ಪುಟ್ಟ ಗೂಡಿನಲ್ಲಿ ಇಡುತ್ತಾರೆ. ಎರಡು ಮಿಡಿತಗಳ ನಡುವೆ ಅದು ಎಷ್ಟು ಸಲ ಕಂಪಿಸಿತೆಂದು ಎಣಿಸುತ್ತಾರೆ. ಒಂದು ಸೆಕೆಂಡಿನಲ್ಲಿ ಒಂದು ಎಣಿಕೆ ತಪ್ಪಿದರೆ ತಪ್ಪು ಕೋಟಿಗೆ ಒಂದು, ಇದು ಸಾಲದು. ಆದರೆ ಸಾವಿರ ಸೆಕೆಂಡ್ ಎಣಿಸಿದರೆ ಒಟ್ಟು ಎಣಿಕೆ ಸಾವಿರ ಕೋಟಿ. ಅದರಲ್ಲಿ ಒಂದರ ತಪ್ಪನ್ನೂ ಗುರುತಿಸಬಹುದಾದುದರಿಂದ ನಿಖರತೆ ಸಾವಿರ ಕೋಟಿಗೆ ಒಂದಾಗುತ್ತದೆ. ಎಣಿಕೆ ಹೆಚ್ಚಾದರೆ ಸ್ಫಟಿಕವನ್ನು ಒಂದಿಷ್ಟು ನಿಧಾನಿಸುವಂತೆ, ಕಡಿಮೆಯಾದರೆ ಚುರುಕಾಗುವಂತೆ ಅದಕ್ಕೆ ಕೊಡುವ ವಿದ್ಯುದ್ವಿಭವವನ್ನು ಮಂಡಲವೇ ತಿದ್ದುತ್ತದೆ. ಉಪಗ್ರಹದ ಸಂಕೇತ ಸ್ವಲ್ಪ ಹೊತ್ತು ತಪ್ಪಿಹೋದರೂ ಕಲಿತ ಶಿಸ್ತಿನ ಮೇಲೆ ಸ್ಫಟಿಕವು ಕೆಲಕಾಲ ಸರಿಯಾಗಿಯೇ ನಡೆಯುತ್ತದೆ.

ಪ್ರೇಷಕದವನು ಈ ೧೦ ಮೆಗಾಹರ್ಟ್ಸ್‌ನಿಂದ ತನ್ನ ೧೩೭ ಕಿಲೊಹರ್ಟ್ಸ್ ತರಂಗವನ್ನು ನಿಷ್ಪನ್ನಗೊಳಿಸುತ್ತಾನೆ. ಸಂದೇಶವು ಗೊತ್ತಾದ ಸೆಕೆಂಡಿನ ಮಿಡಿತಕ್ಕೆ ಸರಿಯಾಗಿ ಆರಂಭವಾಗುತ್ತದೆ. ಗ್ರಾಹಕದವನು ಆಂಟೆನಾದಿಂದ ಬಂದುದನ್ನು ಗಣಕದ ಸೌಂಡ್ ಕಾರ್ಡಿನ ಒಂದು ಬದಿಗೂ ಉಪಗ್ರಹದ ಮಿಡಿತವನ್ನು ಇನ್ನೊಂದು ಬದಿಗೂ ಕೊಟ್ಟು ಎರಡನ್ನೂ ಒಟ್ಟಿಗೆ ದಾಖಲಿಸುತ್ತಾನೆ. ಸೌಂಡ್ ಕಾರ್ಡಿನ ಸ್ಫಟಿಕ ತಪ್ಪಿ ನಡೆದರೆ ಮಿಡಿತಗಳ ಅಂತರದಲ್ಲಿಯೇ ಅದು ಕಾಣುತ್ತದೆ, ಗಣಕವು ತಿದ್ದಿಕೊಳ್ಳುತ್ತದೆ. ಇಲ್ಲಿ ಒಂದು ಎಚ್ಚರಿಕೆ ಅವಶ್ಯಕ. ಜಿ.ಪಿ.ಎಸ್. ಕಾಲಕ್ಕೆ ಅಧಿಕ ಸೆಕೆಂಡುಗಳ ಹಂಗಿಲ್ಲ. ೨೦೧೭ರ ಜನವರಿ ೧ರಿಂದ ಅದು ವಿಶ್ವಕಾಲಕ್ಕಿಂತ ೧೮ ಸೆಕೆಂಡ್ ಮುಂದಿದೆ. ಎರಡು ದಡದವರೂ ಒಂದೇ ಕಾಲವನ್ನು ಹಿಡಿಯಬೇಕು.

ಸಂದೇಶದ ರೂಪ

ಇಂಥ ಪ್ರಯೋಗಗಳಿಗೆ ಹೊಸ ದಾರಿ ತೋರಿದವರಲ್ಲಿ ಜೋಸೆಫ್ ಟೇಲರ್ ಮುಖ್ಯರು. ಇವರು ಹವ್ಯಾಸಿಯೂ ಹೌದು, ನೊಬೆಲ್ ಪುರಸ್ಕೃತ ಭೌತವಿಜ್ಞಾನಿಯೂ ಹೌದು. ೧೯೭೪ರಲ್ಲಿ ಹಲ್ಸ್ ಅವರೊಡನೆ ಇವರು ಕಂಡುಹಿಡಿದ ಜೋಡಿ ಪಲ್ಸಾರಿಗಾಗಿ ೧೯೯೩ರಲ್ಲಿ ಆ ಪುರಸ್ಕಾರ ಬಂದಿತು. ಪಲ್ಸಾರಿನ ಸ್ಪಂದಗಳೂ ಗದ್ದಲದಲ್ಲಿ ಮುಳುಗಿದವೇ. ಆವರ್ತಕಾಲವನ್ನು ಕರಾರುವಾಕ್ಕಾಗಿ ತಿಳಿದು ಸಾವಿರಾರು ಸ್ಪಂದಗಳನ್ನು ಒಂದರ ಮೇಲೊಂದು ಮಡಿಸಿ ಕೂಡಿದಾಗಲೇ ಕಾಣುವಂಥವು. ಟೇಲರರು ೨೦೦೮ರಲ್ಲಿ ಹವ್ಯಾಸಿಗಳಿಗೆ ನೀಡಿದ ವಿಸ್ಪರ್ ಎಂಬ ಪದ್ಧತಿಯಲ್ಲಿ ಪ್ರತಿ ಸರಿಸಂಖ್ಯೆಯ ನಿಮಿಷ ಆರಂಭವಾದ ಒಂದು ಸೆಕೆಂಡಿನ ಬಳಿಕ ಸಂದೇಶ ಹೊರಟು ೧೧೦.೬ ಸೆಕೆಂಡ್ ನಡೆಯುತ್ತದೆ. ಅದರಲ್ಲಿರುವುದು ಕೇವಲ ೫೦ ಬಿಟ್‌ಗಳು, ಎಂದರೆ ಹೌದು-ಅಲ್ಲ ಎಂಬ ಐವತ್ತು ನಿರ್ಣಯಗಳು: ಕಳುಹಿಸಿದವರ ಕರೆಹೆಸರು, ಸ್ಥಳ, ಸಾಮರ್ಥ್ಯ. ಇದಕ್ಕೆ ಗಡಿಯಾರ ಒಂದೆರಡು ಸೆಕೆಂಡಿನೊಳಗೆ ಸರಿಯಿದ್ದರೆ ಸಾಕು.

ಬ್ರಿಟನ್ನಿನ ಹವ್ಯಾಸಿಯೊಬ್ಬರು ರಚಿಸಿದ ಎಬ್‌ನಾಟ್ ಎಂಬ ಪದ್ಧತಿ ಇನ್ನೂ ಮುಂದೆ ಹೋಗುತ್ತದೆ. ಇದರಲ್ಲಿ ತರಂಗವನ್ನು ನಿಲ್ಲಿಸುವುದೂ ಇಲ್ಲ, ಆವೃತ್ತಿಯನ್ನು ಬದಲಿಸುವುದೂ ಇಲ್ಲ. ಬಿಟ್ ಬದಲಾದಾಗ ಏರನ್ನು ಇಳಿತವಾಗಿ ತಿರುವುತ್ತಾರೆ, ಅಷ್ಟೆ. ಏರು ಎಲ್ಲಿ, ಇಳಿತ ಎಲ್ಲಿ ಎಂಬುದು ಸಂದೇಶದ ಉದ್ದಕ್ಕೂ ಗ್ರಾಹಕಕ್ಕೆ ಗೊತ್ತಿರಬೇಕಾದುದರಿಂದ ಉಪಗ್ರಹದ ಗಡಿಯಾರವಿಲ್ಲದೆ ಇದು ನಡೆಯದು. ಪ್ರತಿಫಲವೂ ದೊಡ್ಡದು. ೧೯೪೮ರಲ್ಲಿ ಕ್ಲಾಡ್ ಶ್ಯಾನನ್ ತೋರಿಸಿಕೊಟ್ಟಂತೆ, ಒಂದು ಬಿಟ್‌ಗೆ ದೊರೆಯುವ ಶಕ್ತಿಯು ಒಂದು ಹರ್ಟ್ಸ್ ಅಗಲದಲ್ಲಿರುವ ಗದ್ದಲದ ೦.೬೯ ಪಾಲಿಗಿಂತ ಕಡಿಮೆಯಾದರೆ ಯಾವ ಜಾಣತನದಿಂದಲೂ ಅದನ್ನು ದೋಷವಿಲ್ಲದೆ ಓದಲಾಗದು. ಇದು ನಿಸರ್ಗವೇ ಹಾಕಿರುವ ಗೆರೆ. ಎಬ್‌ನಾಟ್ ಪದ್ಧತಿ ಆ ಗೆರೆಯ ತೀರ ಹತ್ತಿರಕ್ಕೆ ಹೋಗುತ್ತದೆ.

ಕೇಳಿದುದೋ, ಭ್ರಮೆಯೋ?

ಈಗ ಮಾರ್ಕೋನಿಯ ಪ್ರಶ್ನೆಗೆ ಮರಳೋಣ. ಗಂಟೆಗಟ್ಟಲೆಯ ಗದ್ದಲವನ್ನು ಕೂಡಿ ಗಣಕವು ಒಂದು ಪದವನ್ನು ಓದಿಹೇಳಿತು. ಅದನ್ನು ನಂಬುವುದು ಹೇಗೆ? ಗದ್ದಲವೇ ಆಕಸ್ಮಿಕವಾಗಿ ಆ ಪದದಂತೆ ತೋರಿರಬಾರದೇಕೆ?

ಪ್ರೇಷಕದವನು ಐದು ಅಕ್ಷರಗಳ ಒಂದು ಪದವನ್ನು ಆರಿಸಿ ಯಾರಿಗೂ ಹೇಳದೆ ಇಟ್ಟುಕೊಳ್ಳಲಿ. ಇಂಗ್ಲಿಷಿನ ೨೬ ಅಕ್ಷರಗಳಿಂದ ಅಂಥ ಪದಗಳನ್ನು ೧,೧೮,೮೧,೩೭೬ ಬಗೆಯಲ್ಲಿ ಕಟ್ಟಬಹುದು. ಗ್ರಾಹಕದವನು ಒಂದೇ ಒಂದು ಸಲ ಓದಿ ಅದೇ ಪದವನ್ನು ಹೇಳಿದರೆ, ಅದು ಕೇವಲ ಆಕಸ್ಮಿಕವಾಗಿರುವ ಸಂಭವ ಒಂದು ಕೋಟಿ ಹದಿನೆಂಟು ಲಕ್ಷಕ್ಕೆ ಒಂದು. ಇದಕ್ಕಿಂತ ಒಳ್ಳೆಯ ಸಾಕ್ಷ್ಯ ಬೇಕೆ?

ಉಪಗ್ರಹದ ಗಡಿಯಾರವಿಲ್ಲದಿದ್ದರೆ ಏನಾಗುತ್ತಿತ್ತೆಂದು ನೋಡೋಣ. ಆವೃತ್ತಿ ೦.೧೩೭ ಹರ್ಟ್ಸ್ ಆಚೀಚೆ ಎಲ್ಲಿಯಾದರೂ ಇರಬಹುದು. ಒಂದು ಗಂಟೆಯ ದಾಖಲೆಯಲ್ಲಿ ಗಂಟೆಗೊಂದು ಆವರ್ತದಷ್ಟು ಬೇರೆಯಾದ ಆವೃತ್ತಿಗಳೂ ಬೇರೆ ಬೇರೆಯೇ. ಆದ್ದರಿಂದ ಸುಮಾರು ಸಾವಿರ ಆವೃತ್ತಿಗಳನ್ನು ಒಂದೊಂದಾಗಿ ಪರೀಕ್ಷಿಸಬೇಕು. ಆರಂಭದ ಕ್ಷಣ ಹತ್ತು ಬಗೆಯಾಗಿರಬಹುದಾದರೆ ಪರೀಕ್ಷೆಗಳು ಹತ್ತು ಸಾವಿರವಾದುವು. ಪ್ರತಿ ಪರೀಕ್ಷೆಯೂ ಒಂದೊಂದು ಪದವನ್ನು ಹೊರಗೆಡಹಬಹುದು. ಅವುಗಳಲ್ಲಿ ಒಂದು ಆಕಸ್ಮಿಕವಾಗಿ ಹೊಂದುವ ಸಂಭವ ಸುಮಾರು ೧೨೦೦ಕ್ಕೆ ಒಂದು. ಲಾಟರಿಯಲ್ಲಿ ಹತ್ತು ಸಾವಿರ ಚೀಟಿ ಕೊಂಡವನು ಬಹುಮಾನ ಬಂದಾಗ ‘ನನಗೆ ಮೊದಲೇ ಗೊತ್ತಿತ್ತು’ ಎಂದರೆ ಯಾರು ನಂಬಿಯಾರು? ಒಂದೇ ಚೀಟಿ ಕೊಂಡು ಗೆದ್ದವನ ಮಾತೇ ಬೇರೆ. ಗಡಿಯಾರದ ಒಪ್ಪಂದವಿದ್ದರೆ ಆವೃತ್ತಿ ಒಂದೇ, ಆರಂಭದ ಕ್ಷಣವೂ ಒಂದೇ, ಚೀಟಿಯೂ ಒಂದೇ. ಅದೇ ಗಡಿಯಾರವು ಪಿಸುದನಿಯನ್ನು ಕೇಳಿಸುತ್ತದೆ, ಕೇಳಿದುದಕ್ಕೆ ಸಾಕ್ಷಿಯಾಗಿಯೂ ನಿಲ್ಲುತ್ತದೆ.

ದಾರಿಯ ಚಂಚಲತೆ

ಎರಡು ದಡಗಳ ಗಡಿಯಾರಗಳು ಸರಿಯಾಗಿದ್ದರೂ ನಡುವಿನ ದಾರಿ ಸ್ಥಿರವಾಗಿರಬೇಕಲ್ಲವೆ? ತರಂಗವನ್ನು ಹಿಂದಿರುಗಿಸುವ ಅಯಾನುಗೋಳದ ತಳ ಹಗಲಿನಲ್ಲಿ ಸುಮಾರು ೭೦ ಕಿಲೊಮೀಟರ್, ಇರುಳಿನಲ್ಲಿ ಸುಮಾರು ೯೦ ಕಿಲೊಮೀಟರ್ ಎತ್ತರದಲ್ಲಿರುತ್ತದೆ. ತಳ ಸರಿದರೆ ದಾರಿಯ ಉದ್ದ ಬದಲಾಗುತ್ತದೆ, ಪ್ರಾವಸ್ಥೆಯೂ ಜಾರುತ್ತದೆ. ೧೩೭ ಕಿಲೊಹರ್ಟ್ಸ್‌ನಲ್ಲಿ ಇರುಳಿನ ದೂರದ ಸಂಕೇತ ಇದರಿಂದ ತುಂಬ ತೊಳಲುತ್ತದೆ. ಇನ್ನೂ ಉದ್ದವಾದ ತರಂಗಗಳಿಗೆ ಈ ಬಾಧೆ ಕಡಿಮೆ. ಆದ್ದರಿಂದ ಕೆಲವು ಹವ್ಯಾಸಿಗಳು ೯ ಕಿಲೊಹರ್ಟ್ಸ್‌ಗಿಂತಲೂ ಕೆಳಗೆ ಇಳಿದಿದ್ದಾರೆ. ೨೦೧೦ರಲ್ಲಿ ಜರ್ಮನಿಯ ಹವ್ಯಾಸಿಯೊಬ್ಬರು ಗಾಳಿಪಟಕ್ಕೆ ಕಟ್ಟಿದ ತಂತಿಯಿಂದ ಇಂಥ ತರಂಗಗಳನ್ನು ಕಳುಹಿಸಿದರು. ಅನಂತರ ಹೆಚ್ಚಾಗಿ ಬಳಕೆಗೆ ಬಂದ ೮.೨೭ ಕಿಲೊಹರ್ಟ್ಸ್ ತರಂಗದ ಉದ್ದ ೩೬ ಕಿಲೊಮೀಟರ್! ಅಲ್ಲಿ ಗಂಟೆಗಟ್ಟಲೆ ಕೂಡಿದರೂ ತಾಳ ಕೆಡದು.

ಆದರೆ ಈ ಚಂಚಲತೆಯೂ ವಿಜ್ಞಾನಕ್ಕೆ ಉಪಯುಕ್ತವಾಗಿದೆ. ಗಡಿಯಾರಗಳು ತಪ್ಪಿಲ್ಲವೆಂದು ನಿಶ್ಚಯವಾದರೆ ಪ್ರಾವಸ್ಥೆಯಲ್ಲಿ ಕಾಣುವ ಬದಲಾವಣೆಯೆಲ್ಲವೂ ಅಯಾನುಗೋಳದ್ದೇ. ಮುಂಜಾವು ಮುಸ್ಸಂಜೆಗಳು, ಸೂರ್ಯನ ಮೇಲಿನ ಸ್ಫೋಟಗಳು, ಗ್ರಹಣಗಳು ಅದರಲ್ಲಿ ಗುರುತು ಮೂಡಿಸುತ್ತವೆ. ತಮಿಳುನಾಡಿನ ವಿಜಯನಾರಾಯಣಂನಲ್ಲಿರುವ ನೌಕಾಪಡೆಯ ೧೮.೨ ಕಿಲೊಹರ್ಟ್ಸ್ ಪ್ರೇಷಕದ ತರಂಗಗಳನ್ನು ಹಿಡಿದು ಕೋಲ್ಕತದ ವಿಜ್ಞಾನಿಗಳು ೨೦೦೯ರ ಜುಲೈ ೨೨ರ ಸೂರ್ಯಗ್ರಹಣವನ್ನು ಅಭ್ಯಸಿಸಿದರು. ಬೆಂಗಳೂರಿನಿಂದ ಆ ಪ್ರೇಷಕ ಸುಮಾರು ೫೦೦ ಕಿಲೊಮೀಟರ್ ಮಾತ್ರ. ಅದರ ಸಂದೇಶ ನಮಗೆ ಬೇಕಿಲ್ಲ. ತರಂಗದ ಏರಿಳಿತವೇ ಸಾಕು. ಕಟ್ಟಿಗೆಯ ಚೌಕಟ್ಟಿಗೆ ಸುತ್ತಿದ ತಂತಿಯ ಸುರುಳಿಯೂ ಗಣಕದ ಸೌಂಡ್ ಕಾರ್ಡೂ ಇದ್ದರೆ ಕಾಲೇಜಿನ ವಿದ್ಯಾರ್ಥಿಗಳೂ ಇದನ್ನು ಮಾಡಬಹುದು.

ಪ್ರೇಷಣಕ್ಕೆ ಪರೀಕ್ಷೆಯಲ್ಲಿ ಉತ್ತೀರ್ಣರಾಗಿ ಸರ್ಕಾರದ ಪರವಾನಗಿಯನ್ನು ಪಡೆಯಬೇಕು. ಆದರೆ ಮೊದಲ ಪ್ರಯೋಗಕ್ಕೆ ಅದರ ಅಗತ್ಯವಿಲ್ಲ. ಸೆಕೆಂಡಿನ ಮಿಡಿತ ಕೊಡುವ ಜಿ.ಪಿ.ಎಸ್. ಗ್ರಾಹಕವೊಂದನ್ನು ಕಿಟಕಿಯ ಬಳಿಯಿಟ್ಟು, ಬಲ್ಲವರ ನೆರವಿನಿಂದ ಮಿಡಿತವನ್ನು ತಕ್ಕಷ್ಟು ಕುಗ್ಗಿಸಿ ಸೌಂಡ್ ಕಾರ್ಡಿಗೆ ಕೊಟ್ಟು ಒಂದು ಹಗಲು ದಾಖಲಿಸಿರಿ. ಒಂದು ಮಿಡಿತದಿಂದ ಇನ್ನೊಂದಕ್ಕೆ ೪೮,೦೦೦ ಮಾದರಿಗಳಿರಬೇಕಾದಲ್ಲಿ ೪೮,೦೦೧ ಕಂಡರೆ ನಿಮ್ಮ ಗಣಕದ ಗಡಿಯಾರ ಹತ್ತು ಲಕ್ಷಕ್ಕೆ ಇಪ್ಪತ್ತೊಂದರಷ್ಟು ಮುಂದೋಡುತ್ತಿದೆ ಎಂದರ್ಥ. ಬೆಳಗಿನ ಚಳಿಯಲ್ಲಿ ಎಷ್ಟಿತ್ತು, ಮಧ್ಯಾಹ್ನದ ಬಿಸಿಯಲ್ಲಿ ಎಷ್ಟಾಯಿತು ಎಂದು ನಕ್ಷೆ ಬರೆದು ನೋಡಿರಿ. ಸಾಗರದಾಚೆಯ ಪಿಸುದನಿಯನ್ನು ಕೇಳುವ ವಿದ್ಯೆಗೆ ಅದೇ ಮೊದಲ ಪಾಠ.